ಟಾರ್ಪಾಲಿನಡಿಯ ರೈಲು

ಶಿವಮೊಗ್ಗದ ಕಡೆಯಿಂದ ಮೂರು ಲಾರಿ ಬಂದು ಬಿ.ಎಚ್. ರಸ್ತೆಯ ಬದಿಗೆ ನಿಂತಿವೆಯಂತೆ, ಮೇಲೆ ಟಾರ್ಪಾಲು ಬಿಗಿದಿದೆಯಂತೆ, ಒಳಗೆ ಬರೀ ಕಬ್ಬಿಣವಂತೆ. ಈ ಸುದ್ದಿ ನಮ್ಮ ಕೇರಿಗೆ ತಲುಪಿದ್ದು ರಾತ್ರಿ ಊಟದ ಹೊತ್ತಿಗೆ. ಸಾಗರದ ಮಾರಿಜಾತ್ರೆಗೆ ಇನ್ನೂ ಹತ್ತು ಹನ್ನೆರಡು ದಿನ ಇತ್ತು. ನಾನಾಗ ಏಳನೇ ತರಗತಿ. ಕೈ ತೊಳೆದವರೇ ನಾಲ್ಕು ಹುಡುಗರು ಎರಡು ಸೈಕಲ್ ಮೇಲೆ ಹೊರಟೆವು. ಚಾಲಕರು ಕ್ಯಾಬಿನ್ನಿನಲ್ಲಿ ಮಲಗಿದ್ದರು. ನಮ್ಮಲ್ಲಿ ಧೈರ್ಯಸ್ಥ ಒಬ್ಬ ಟಾರ್ಪಾಲಿನ ಮೂಲೆ ಎತ್ತಿ ಮೊಳಕೈವರೆಗೆ ಕೈ ತೂರಿಸಿದ. ಸ್ವಲ್ಪ ಹೊತ್ತು ತಡಕಾಡಿ, ಉಸಿರು ಬಿಗಿಹಿಡಿದು ಹೇಳಿದ: "ಬಗ್ಗಿದೆ ಮಾರಾಯ! ಪೈಪು ಬಗ್ಗಿದೆ! ರೈಲೇ ಬಂದಿದೆ."

ಮರುದಿನ ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಸಾಗರಕ್ಕೆ ರೋಲರ್ ಕೋಸ್ಟರ್ ಬಂದಾಗಿತ್ತು. ಮಧ್ಯಾಹ್ನದ ಗಂಟೆ ಹೊಡೆಯುವಾಗ ಅದು ತಲೆಕೆಳಗಾಗಿ ಸುತ್ತುತ್ತದೆ ಎನ್ನುವುದೂ ತೀರ್ಮಾನವಾಯಿತು. ಮೈದಾನದಲ್ಲಿ ಕಡೆಗೆ ಎದ್ದು ನಿಂತದ್ದು ಡ್ರ್ಯಾಗನ್ ರೈಲು: ಆಳೆತ್ತರದ ಎರಡು ಉಬ್ಬು, ಮೊಟ್ಟೆಯಾಕಾರದ ಹಳಿ, ಮುಂದೆ ಹಸಿರು ಬಣ್ಣದ ಹಲ್ಲುಕಿರಿದ ಮುಖ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಎಲ್ಲರೂ ಎರಡೆರಡು ಸಲ ಹತ್ತಿದೆವು. ಆದರೆ ಇಷ್ಟು ವರ್ಷವಾದ ಮೇಲೆ ನನಗೆ ಆ ಸವಾರಿ ಅಷ್ಟಾಗಿ ನೆನಪಿಲ್ಲ. ಲಾರಿಯ ಪಕ್ಕ ಕತ್ತಲಲ್ಲಿ ನಿಂತು ಕಾದ ಆ ನಿಮಿಷ ಮಾತ್ರ ಹಾಗೇ ಇದೆ.

ಹೊಸ ಆಟ ಏನು ಬರುತ್ತದೆ ಎಂದು ಊಹಿಸುವ ಈ ಸುಖ ನಮ್ಮೂರಿಗೇ ಸೀಮಿತವಾದದ್ದಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಎಂಬ ಪಾರ್ಕು ತನ್ನ ದೊಡ್ಡ ಕೋಸ್ಟರುಗಳನ್ನು ಕಟ್ಟುವಾಗ ಹೆಸರು ಬಿಟ್ಟುಕೊಡದೆ 'ರಹಸ್ಯ ಅಸ್ತ್ರ' ಎಂದು ಕರೆದು ಅಂಕಿ ಹಾಕುತ್ತದೆ. ಕೋಸ್ಟರ್ ಪ್ರಿಯರು ಬೇಲಿಯ ಸಂದಿಯಲ್ಲಿ ಇಣುಕಿ, ಸ್ಥಳೀಯ ಆಡಳಿತಕ್ಕೆ ಸಲ್ಲಿಸಿದ ನಕ್ಷೆಗಳನ್ನು ತಿರುವಿಹಾಕಿ, ಅಗೆದ ಗುಂಡಿಗಳನ್ನು ಎಣಿಸಿ, ಇದು ಇಂಥದ್ದೇ ಎಂದು ವಾದಕ್ಕೆ ಇಳಿಯುತ್ತಾರೆ. ಆ ಪಾರ್ಕಿಗೆ ಒಂದು ಕಟ್ಟುಪಾಡಿದೆ, ಯಾವ ಆಟವೂ ಸುತ್ತಲಿನ ಮರಗಳ ನೆತ್ತಿ ದಾಟಿ ಏಳುವಂತಿಲ್ಲ. ಹಾಗಾಗಿ 1994ರಲ್ಲಿ ತೆರೆದ 'ನೆಮಿಸಿಸ್' ಕೋಸ್ಟರಿಗೆ ಬಂಡೆಯನ್ನು ಸಿಡಿಸಿ ಹಳ್ಳ ತೋಡಿದರು. ಮೇಲಕ್ಕೆ ಸಿಗದ ಎತ್ತರವನ್ನು ಕೆಳಗಿನಿಂದ ಪಡೆದುಕೊಂಡರು. ಮಣ್ಣು ಹೊತ್ತ ಲಾರಿ ಹೊರಗೆ ಹೋಗುವುದನ್ನು ನೋಡಿ ಒಳಗಿನ ಕೋಸ್ಟರಿನ ಎತ್ತರ ಲೆಕ್ಕಹಾಕಿದವನಿಗೂ ಟಾರ್ಪಾಲಿನೊಳಗೆ ಕೈತೂರಿದ ನನ್ನ ಗೆಳೆಯನಿಗೂ ನಾನು ಭೇದ ಕಾಣೆ.

ಕಬ್ಬಿಣ ಓದುವುದು ಒಂದು ವಿದ್ಯೆ. ನಮ್ಮ ಕಡೆಯ ಮಕ್ಕಳು ಅದನ್ನು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ಉದ್ದುದ್ದ ಏಣಿಯಂಥ ತುಂಡುಗಳು ಜೋಡಿಯಾಗಿ ಇಳಿದರೆ ಅದು ಜೈಂಟ್ ವೀಲಿನ ಕಾಲು, ನಮ್ಮ ಅಜ್ಜಿಯಂದಿರ ಮಾತಿನಲ್ಲಿ ತೊಟ್ಟಿಲು. ಕಾಲುಗಳು ತುದಿಯಲ್ಲಿ ಕೂಡುವ ಜಾಗ ನೆಲದಿಂದ ಎಷ್ಟು ಎತ್ತರ ಇರುತ್ತದೋ ಅದರ ಹೆಚ್ಚುಕಡಿಮೆ ಎರಡರಷ್ಟಕ್ಕೆ ತೊಟ್ಟಿಲು ಏರುತ್ತದೆ. ನಾಲ್ಕು ದಪ್ಪ ಕಾಲು, ಜೊತೆಗೆ ಒಂದು ಲಾರಿ ಟೈರು ಕಂಡರೆ ಕೊಲಂಬಸ್ ಎಂಬ ತೂಗುದೋಣಿ. ಟೈರು ಯಾಕೆಂದರೆ, ಆ ದೋಣಿಯನ್ನು ಮೇಲಿನಿಂದ ಯಾರೂ ತೂಗುವುದಿಲ್ಲ. ತಳದಲ್ಲಿ ತಿರುಗುವ ಟೈರು ದೋಣಿಯ ಹೊಟ್ಟೆಗೆ ಉಜ್ಜಿ ಪ್ರತಿ ಸಲ ಅದು ಹಾದುಹೋಗುವಾಗ ಒಂದೊಂದು ನೂಕು ಕೊಡುತ್ತದೆ. ಹುಣಸೆ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಅಣ್ಣ ಹಿಂದಿನಿಂದ ತಳ್ಳುತ್ತಿದ್ದದ್ದೂ ಹೀಗೇ: ಹೊತ್ತು ನೋಡಿ ಸ್ವಲ್ಪವೇ ತಳ್ಳಿದರೆ ಸಾಕು, ಜೀಕು ತಾನಾಗಿ ಬೆಳೆಯುತ್ತದೆ. ಹೋಳಿಗೆಯ ತುಂಡಿನಂಥ ಅಗಲ ತಗಡುಗಳು ಬಂದರೆ ಬ್ರೇಕ್ ಡ್ಯಾನ್ಸ್. ಮರದ ಹಲಗೆಗಳು ಕಂತೆ ಕಂತೆಯಾಗಿ ಬಂದರೆ ಬೈಕು ಸುತ್ತುವ ಸಾವಿನ ಬಾವಿ. ಬಾಗಿದ ಕೊಳವೆ ಬಂದರೆ ಮಾತ್ರ ಎದೆ ಡವಗುಟ್ಟುತ್ತದೆ.

ಸುದ್ದಿ ಬರುವ ದಾರಿಗಳೂ ಇದ್ದವು. ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವರ ಎಳ್ಳಮಾವಾಸ್ಯೆ ಜಾತ್ರೆ ವರ್ಷವರ್ಷ ನಡೆಯುತ್ತದೆ. ಜನ ತುಂಗೆಯಲ್ಲಿ ಮುಳುಗಿ, ತೇರು ನೋಡಿ, ತೆಪ್ಪೋತ್ಸವ ಮುಗಿಸಿ ಮನೆಗೆ ಹೋಗುತ್ತಾರೆ. ಅಲ್ಲಿದ್ದ ನಮ್ಮ ಸೋದರತ್ತೆಯ ಮಗ ಆ ಜಾತ್ರೆಯ ಆಟಗಳ ಪಟ್ಟಿಯನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕಳಿಸುತ್ತಿದ್ದ. ತೀರ್ಥಹಳ್ಳಿಗೆ ಬಂದದ್ದು ಸಾಗರಕ್ಕೆ ಬಂದೇ ಬರುತ್ತದೆ ಎನ್ನುವುದು ನಮ್ಮ ನಂಬಿಕೆ. ಹೊಸನಗರದ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರ್ ಇನ್ನೊಬ್ಬ ಸುದ್ದಿಗಾರ. ರಿಪ್ಪನ್‌ಪೇಟೆಯ ಹತ್ತಿರ ದೊಡ್ಡ ಲಾರಿ ಕಂಡೆ ಎಂದು ಅವನು ಹೇಳಿದ್ದು ಸಂಜೆಯೊಳಗೆ ಊರೆಲ್ಲ ಹರಡುತ್ತಿತ್ತು. ಈಗ ಅದೇ ಕೆಲಸವನ್ನು ಮೊಬೈಲಿನ ಪಟ ಮಾಡುತ್ತದೆ. ಕಾತರ ಮಾತ್ರ ಹಳೆಯದೇ.

ಇವೆಲ್ಲಕ್ಕಿಂತ ಗಟ್ಟಿಯಾದ ಊಹೆ ನಮ್ಮ ದೊಡ್ಡಪ್ಪನದ್ದು. ಅವರು ಅಡಿಕೆ ಮಂಡಿಯಲ್ಲಿ ಗುಮಾಸ್ತರು. ಲಾರಿ, ಟಾರ್ಪಾಲು ಯಾವುದನ್ನೂ ನೋಡಲು ಹೋದವರಲ್ಲ. "ಕಬ್ಬಿಣ ನೋಡಿ ಏನು ಮಾಡ್ತೀಯೋ? ಲಾರಿ ಬಾಡಿಗೆ ಎಲ್ಲಿಂದ ಹುಟ್ಟತ್ತೆ ನೋಡು," ಎನ್ನುತ್ತಿದ್ದರು. ಅವರ ಲೆಕ್ಕ ಇದು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಶಿರಸಿಯ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ, ಶಿವಮೊಗ್ಗದ ಕೋಟೆ ಮಾರಿಕಾಂಬೆಯದೂ ಹಾಗೆಯೇ. ಎರಡೂ ಮೂರೂ ಕೂಡುವುದು ಆರಕ್ಕೆ. ಅಂದರೆ ಆರು ವರ್ಷಕ್ಕೊಮ್ಮೆ ಮಾತ್ರ ಈ ಮೂರು ಊರಿನ ಅಮ್ಮಂದಿರ ಜಾತ್ರೆಗಳು ಒಂದೇ ಬೇಸಿಗೆಯ ಬಾಗಿಲಲ್ಲಿ ಸಾಲುಗಟ್ಟುತ್ತವೆ. 2020ರಲ್ಲಿ ಹಾಗಾಯಿತು, 2026ರಲ್ಲಿ ಮತ್ತೆ ಆಯಿತು. 2023ರಲ್ಲಿ ಸಾಗರ ಒಂದೇ ಇತ್ತು. ಸಾಗರದಿಂದ ಶಿರಸಿಗೆ ಸುಮಾರು 70 ಕಿಲೋಮೀಟರು. ಇಲ್ಲಿ ಬಿಚ್ಚಿದ್ದನ್ನು ಅಲ್ಲಿ ಕಟ್ಟಬಹುದಾದ ವರ್ಷ ಆಟದ ಯಜಮಾನ ಭಾರದ ಸಾಮಾನು ಹೇರಿಕೊಂಡು ಬರುವ ಧೈರ್ಯ ಮಾಡುತ್ತಾನೆ. ಒಂದೇ ಜಾತ್ರೆಗಾದರೆ ಹಗುರವಾದದ್ದನ್ನು ತರುತ್ತಾನೆ. ದೊಡ್ಡಪ್ಪನ ಈ ಮಾತು ಪ್ರತಿ ಸಲ ನಿಜವಾಯಿತು ಎಂದು ನಾನು ಹೇಳಲಾರೆ. ಆದರೆ ಊಹೆಗೂ ಲೆಕ್ಕ ಇರುತ್ತದೆ, ಆಸೆಯೊಂದೇ ಸಾಲದು ಎಂದು ನನಗೆ ಗೊತ್ತಾದದ್ದು ಅವರಿಂದ.

ಹಾಗಾದರೆ ನಿಜವಾದ ರೋಲರ್ ಕೋಸ್ಟರು ನಮ್ಮ ಜಾತ್ರೆಗೆ ಯಾಕೆ ಬರುವುದಿಲ್ಲ? ಡ್ರ್ಯಾಗನ್ ರೈಲಿಗೂ ಅದಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ಉತ್ತರ ಸಿಗುತ್ತದೆ. ಡ್ರ್ಯಾಗನ್ ರೈಲಿಗೆ ಮೋಟರ್ ಇದೆ. ಸುತ್ತಿನ ಉದ್ದಕ್ಕೂ ಅದು ಎಳೆಯುತ್ತಲೇ ಇರುತ್ತದೆ. ಹಳೆಯ ಮಾದರಿಯ ಕೋಸ್ಟರಿನ ಡಬ್ಬಿಗೆ ಯಂತ್ರವೇ ಇಲ್ಲ. ಸರಪಳಿಯೊಂದು ಅದನ್ನು ನೆತ್ತಿಯವರೆಗೆ ಎಳೆದೊಯ್ದು ಕೈಬಿಡುತ್ತದೆ. ಆಮೇಲಿನದೆಲ್ಲ ಭೂಮಿಯ ಸೆಳೆತ. ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಕಡಿದಾದ ಇಳಿಜಾರಿನಲ್ಲಿ ಹಳಿಯ ಮೇಲೆ ಇಳಿಯುವ ಟ್ರಾಲಿ ಇದೆಯಲ್ಲ, ಅದನ್ನು ನೋಡಿದವರಿಗೆ ಮೊದಲರ್ಧ ಅರ್ಥವಾದಂತೆ. ಆ ಟ್ರಾಲಿಯನ್ನು ಉಕ್ಕಿನ ಹಗ್ಗ ಒಂದು ಕ್ಷಣವೂ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಪಕ್ಕದಲ್ಲೇ ಶರಾವತಿ ತೋರಿಸುತ್ತಿದ್ದಾಳೆ. ರಾಜಾ ಕವಲು 253 ಮೀಟರ್ ಬೀಳುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಷ್ಟು ಎತ್ತರದಿಂದ ಬಿದ್ದ ಕಲ್ಲು ತಳ ಮುಟ್ಟುವಾಗ ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿರುತ್ತದೆ. ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ ಕಟ್ಟಿರುವ 'ಫಾಲ್ಕನ್ಸ್ ಫ್ಲೈಟ್' ಎಂಬ ದೈತ್ಯ ಕೋಸ್ಟರಿಗೆ ಯೋಜಿಸಿದ ವೇಗವೂ ಅಷ್ಟೇ. ಅವರು ಅದಕ್ಕೆ ವಿದ್ಯುತ್ತಿನ ನೂಕುಬಲವನ್ನೂ ಕೊಟ್ಟಿದ್ದಾರೆ. ನಮ್ಮ ಹೊಳೆ ಬರೀ ಕೈಬಿಟ್ಟು ಆ ವೇಗ ಮುಟ್ಟುವ ಎತ್ತರದಿಂದ ಇಳಿಯುತ್ತದೆ. ಈ ಲೆಕ್ಕ ಮೊದಲ ಸಲ ಕಾಗದದ ಮೇಲೆ ಬಿಡಿಸಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬೀಳುವುದು ಸುಲಭ, ಬಿದ್ದವನನ್ನು ನೋಯಿಸದೆ ತಿರುಗಿಸುವುದೇ ಕೋಸ್ಟರ್ ಕಟ್ಟುವವನ ಕಸುಬು. ಇದನ್ನು ಪುಸ್ತಕಕ್ಕಿಂತ ಚೆನ್ನಾಗಿ ನಮ್ಮ ತೋಟದ ಕೊನೆಗೌಡ ಬಲ್ಲ. ಅಡಿಕೆ ಕೊಯ್ಲಿನಲ್ಲಿ ಅವನು ಮರದ ತುದಿಯಿಂದ ಕೊನೆಯನ್ನು, ಅಂದರೆ ಅಡಿಕೆಯ ಗೊನೆಯನ್ನು, ಹಗ್ಗದ ಮೇಲೆ ಜಾರಿಬಿಡುತ್ತಾನೆ. ಕೆಳಗೆ ಹಗ್ಗ ಹಿಡಿದವನು ಅದನ್ನು ಬಿಗಿಯಾಗಿ ನೆಟ್ಟಗೆ ಹಿಡಿದರೆ ಕೊನೆ ಬಾಣದಂತೆ ಬಂದು ಎದೆಗೆ ಬಡಿಯುತ್ತದೆ. ಬಲ್ಲವನು ಹಗ್ಗವನ್ನು ಸ್ವಲ್ಪ ಸಡಿಲ ಬಿಡುತ್ತಾನೆ. ಕಡೆಯ ಮಾರಿನಲ್ಲಿ ಹಗ್ಗ ಜೋತು ಬಾಗುತ್ತದೆ, ಓಡಿ ಬಂದ ಕೊನೆ ಆ ಬಾಗಿನಲ್ಲಿ ತನ್ನ ಆವೇಗ ಕಳೆದುಕೊಂಡು ಕೈಗೆ ಮೆತ್ತಗೆ ಸಿಗುತ್ತದೆ. ಒಂದು ಕಾಯಿ ಉದುರುವುದಿಲ್ಲ. ಕೋಸ್ಟರಿನ ಇಳಿಜಾರು ನೆಲದ ಹತ್ತಿರ ಬಂದಂತೆ ನಿಧಾನ ಬಾಗುವುದು ಇದೇ ಉಪಾಯದಿಂದ.

ತಲೆಕೆಳಗಾಗುವ ಸುತ್ತಿನ ಕಥೆ ಇನ್ನೂ ಕುತೂಹಲದ್ದು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 'ಫ್ಲಿಪ್ ಫ್ಲ್ಯಾಪ್' ಎಂಬ ಸುತ್ತುರೈಲು ಕಟ್ಟಿದರು. ಸುತ್ತು ಬಳೆಯಷ್ಟೇ ದುಂಡಗಿತ್ತು. ಹತ್ತಿದವರ ಕುತ್ತಿಗೆ ಉಳುಕಿತು. ದುಂಡನೆಯ ಸುತ್ತಿನಲ್ಲಿ ಮೇಲೆ ಬೀಳದೆ ಉಳಿಯುವಷ್ಟು ವೇಗ ಬೇಕೆಂದರೆ, ತಳದಲ್ಲಿ ಮೈಯ ಮೇಲೆ ಆರು ಪಟ್ಟು ಭಾರ ಕೂರುತ್ತದೆ ಎನ್ನುತ್ತದೆ ಗಣಿತ. 50 ಕೆ.ಜಿ. ಹುಡುಗಿಗೆ ಆ ಗಳಿಗೆಯಲ್ಲಿ ತಾನು 300 ಕೆ.ಜಿ. ಇದ್ದಂತೆ ಅನಿಸುತ್ತದೆ. ಇದನ್ನು ಸರಿಮಾಡಿದ್ದು ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿಗೆ ಅವರು ಬಿಡಿಸಿದ ಸುತ್ತು ಬಳೆಯ ಹಾಗಿರಲಿಲ್ಲ, ನೀರಹನಿಯ ಹಾಗಿತ್ತು: ಒಳಗೆ ಹೋಗುವಾಗ ಬಾಗು ಅಗಲ, ನೆತ್ತಿಯಲ್ಲಿ ಬಿಗಿ. ವೇಗ ಹೆಚ್ಚಿದ್ದಲ್ಲಿ ಮೆಲ್ಲಗೆ ತಿರುಗಿಸು, ವೇಗ ಕಡಿಮೆಯಾದಲ್ಲಿ ಬೇಗ ತಿರುಗಿಸು. ಆಗುಂಬೆ ಘಾಟಿಯ 14 ತಿರುವಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತವರಿಗೆ ಇದರ ಬೆಲೆ ಗೊತ್ತು. ಅಲ್ಲಿ ಪ್ರತಿ ತಿರುವೂ ಮೈಯನ್ನು ಪಕ್ಕಕ್ಕೆ ಎಸೆಯುತ್ತದೆ. ಕೋಸ್ಟರಿನಲ್ಲಿ ಹಳಿಯನ್ನೇ ಒಳಕ್ಕೆ ವಾಲಿಸಿ ಆ ಎಸೆತವನ್ನು ಸೀಟಿನ ಕಡೆಗೆ ತಿರುಗಿಸುತ್ತಾರೆ. ಆದ್ದರಿಂದಲೇ ಗಂಟೆಗೆ 80 ಕಿಲೋಮೀಟರ್ ಓಡಿದರೂ ಪಕ್ಕದವನ ಮೇಲೆ ಬೀಳುವುದು ಕಡಿಮೆ.

ಮೈಯ ಮೇಲೆ ಕೂರುವ ಭಾರ ಹಳಿಯ ಮೇಲೂ, ಹಳಿಯಿಂದ ಕಂಬದ ಮೇಲೂ, ಕಂಬದಿಂದ ನೆಲದ ಮೇಲೂ ಕೂರಲೇಬೇಕು. ಜೈಂಟ್ ವೀಲು ಹೆಚ್ಚಾಗಿ ನೇರ ಕೆಳಕ್ಕೆ ಒತ್ತುತ್ತದೆ. ಮೈದಾನದಲ್ಲಿ ದಪ್ಪ ಮರದ ತುಂಡುಗಳ ಪ್ಯಾಕಿಂಗ್ ಕೊಟ್ಟು, ನೀರಿನ ಪೈಪಿನಲ್ಲಿ ಮಟ್ಟ ನೋಡಿ, ಹಗ್ಗ ಬಿಗಿದರೆ ಅದು ನಿಲ್ಲುತ್ತದೆ. ಕೋಸ್ಟರು ಹಾಗಲ್ಲ. ತಿರುವಿನಲ್ಲಿ ಹೊರಕ್ಕೆ ನೂಕುತ್ತದೆ, ಉಬ್ಬಿನ ಮೇಲೆ ಕಂಬವನ್ನು ಕೀಳಲು ನೋಡುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಆಳದ ಕಾಂಕ್ರೀಟ್ ಪಾಯ ಬೇಕು. ಪಾಯದ ಮೇಲೆ ಹೊರಗೆ ಚಾಚಿದ ಬೋಲ್ಟುಗಳನ್ನು ನೋಡಿಯೇ ಪಳಗಿದ ಕಣ್ಣುಗಳು ಊಹೆ ಕಟ್ಟುವುದು. ಒಂದೇ ಕಡೆ ಓರೆಯಾಗಿ ಊರಿದ ಕಂಬಗಳಿಗೆ ಜಾಗ ಮಾಡಿದ್ದರೆ ಅಲ್ಲಿ ತಿರುವು. ಪಾಯ ಇದ್ದಕ್ಕಿದ್ದಂತೆ ದೊಡ್ಡದಾಗಿದ್ದರೆ ಅಲ್ಲಿ ಇಳಿಜಾರಿನ ತಳ, ಭಾರ ಹೆಚ್ಚು. ಪಾಯದ ಸಾಲೇ ಇಲ್ಲದೆ ಎರಡು ದೊಡ್ಡ ಗುಂಡಿ ಹತ್ತಿರ ಹತ್ತಿರ ಇದ್ದರೆ ಸುತ್ತು ಇರಬಹುದು. ಬಿಡದಿಯ ವಂಡರ್‌ಲಾ 2005ರಲ್ಲಿ ಬಾಗಿಲು ತೆರೆದ ಮೇಲೆ ಶಾಲಾ ಪ್ರವಾಸದ ಬಸ್ಸುಗಳಲ್ಲಿ ನಮ್ಮ ಮಕ್ಕಳೂ ಈ ಲೆಕ್ಕಾಚಾರ ಕಲಿತು ಬಂದರು. ಆ ಸಂಸ್ಥೆ 2025ರ ಡಿಸೆಂಬರಿನಲ್ಲಿ ಚೆನ್ನೈ ಬಳಿ ಹೊಸ ಪಾರ್ಕು ತೆರೆದು, ಕಾಲು ಗಾಳಿಯಲ್ಲಿ ನೇತಾಡುವ 'ತಂಜೋರಾ' ಕೋಸ್ಟರನ್ನು ತಂದಾಗ, ಅದಕ್ಕೂ ಮೊದಲೇ ಹಳಿಯ ತುಂಡಿನ ಆಕಾರ ನೋಡಿ ಇದು ಸ್ವಿಟ್ಜರ್ಲೆಂಡಿನ ಬೊಲಿಗರ್ ಮಬಿಲಾರ್ಡ್ ಕಂಪನಿಯದು ಎಂದು ಗುರುತಿಸುವುದು ಬಲ್ಲವರಿಗೆ ಕಷ್ಟವಿರಲಿಲ್ಲ; ಆ ಕಂಪನಿಯ ಹಳಿಯ ಬೆನ್ನೆಲುಬು ಚೌಕಾಕಾರದ ಪೆಟ್ಟಿಗೆಯಂತಿರುತ್ತದೆ.

ಬಿಚ್ಚಿ ಕಟ್ಟಬಹುದಾದ ಕೋಸ್ಟರೇ ಇಲ್ಲವೆಂದಲ್ಲ. 1989ರಲ್ಲಿ ಮ್ಯೂನಿಕ್ಕಿನ ಅಕ್ಟೋಬರ್ ಉತ್ಸವಕ್ಕೆ ಬಂದ 'ಒಲಿಂಪಿಯಾ ಲೂಪಿಂಗ್' ಐದು ಸುತ್ತು ಹಾಕುತ್ತದೆ, ಊರಿಂದೂರಿಗೆ ಲಾರಿಯಲ್ಲೇ ಹೋಗುತ್ತದೆ. ಆ ಉತ್ಸವಕ್ಕೆ ಅರವತ್ತು ಲಕ್ಷದಷ್ಟು ಜನ ಬರುತ್ತಾರೆ. ನಮ್ಮದು ಒಂಬತ್ತು ದಿನದ ಜಾತ್ರೆ. ವಾರಗಟ್ಟಲೆ ಕಟ್ಟಿ ಒಂಬತ್ತು ದಿನ ಓಡಿಸಿ ಮತ್ತೆ ವಾರಗಟ್ಟಲೆ ಬಿಚ್ಚುವುದಕ್ಕೆ ಯಾವ ಯಜಮಾನನ ಕೈ ಮುಂದಾದೀತು? ದೊಡ್ಡಪ್ಪ ಇದ್ದಿದ್ದರೆ ಮತ್ತೆ ಅದೇ ಕೇಳುತ್ತಿದ್ದರು, ಲಾರಿ ಬಾಡಿಗೆ ಎಲ್ಲಿಂದ ಹುಟ್ಟತ್ತೆ?

ಊಹಿಸುವವರು ಬಹಳ ಸಲ ಸೋಲುತ್ತಾರೆ, ಆದರೆ ಅವರು ನೋಡುತ್ತಾರೆ; ನನಗೆ ಅವರ ಮೇಲೆ ಗೌರವ ಇರುವುದು ಅದಕ್ಕೆ. ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕಟ್ಟುತ್ತಿದ್ದಾಗ ಲಾಂಚಿನಲ್ಲಿ ದಾಟುತ್ತಿದ್ದ ತುಮರಿ ಕಡೆಯ ಜನ ಪ್ರತಿ ಸಲವೂ ಕಂಬ ಎಣಿಸುತ್ತಿದ್ದರು. ಕೇಬಲ್ ಎಲ್ಲಿಂದ ಎಲ್ಲಿಗೆ, ಮಳೆಗಾಲದ ನೀರಿನ ಮಟ್ಟಕ್ಕೆ ಸಾಲುತ್ತದೆಯೇ, ಈ ಬೇಸಿಗೆಗೆ ಮುಗಿಯುತ್ತದೆಯೇ ಎಂದು ಲಾಂಚಿನ ಕಟಕಟೆಗೆ ಒರಗಿ ವಾದಿಸುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ದಾರಿ ಮುಳುಗಿಸಿದ ಮೇಲೆ ದಶಕಗಟ್ಟಲೆ ಕಾದವರ ಊಹೆ ಅದು, ಆಟದ ಮಾತಲ್ಲ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾದಾಗ ಅವರಲ್ಲಿ ಎಷ್ಟೋ ಜನರಿಗೆ ಅದರ ಒಂದೊಂದು ಕಂಬದ ಹುಟ್ಟುಹಬ್ಬವೂ ಗೊತ್ತಿತ್ತು. ಜೋಗಕ್ಕೆ ರೋಪ್‌ವೇ ಬರುತ್ತದಂತೆ ಎಂಬ ಮಾತೂ ವರ್ಷಗಳಿಂದ ನಮ್ಮ ಹೋಟೆಲಿನ ಮೇಜುಗಳ ಮೇಲೆ ಕಾಫಿಯ ಜೊತೆ ಬರುತ್ತಲೇ ಇದೆ.

ಈ ನೋಡುವ ಕಣ್ಣು ಲಾರಿ ಬಂದ ರಾತ್ರಿಗೆ ಮುಗಿಯಬಾರದು ಎನ್ನುವುದು ನನ್ನ ಕಳಕಳಿ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಪಾರ್ಕಿನಲ್ಲಿ ಲೋಲಕದಂತೆ ತೂಗುವ ಆಟವೊಂದರ ತೋಳು ಮುರಿದು ಇಬ್ಬರು ಸತ್ತರು, ಹಲವರಿಗೆ ಗಾಯವಾಯಿತು. ಉಕ್ಕು ಒಂದೇ ಏಟಿಗೆ ಮುರಿಯುವುದು ಅಪರೂಪ. ಸಾವಿರ ಸಲ ಅತ್ತ ಇತ್ತ ಬಾಗಿ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಆ ಬಿರುಕು ಬೆಳೆದು ಮುರಿಯುತ್ತದೆ. ಊರಿಂದೂರಿಗೆ ಹೋಗುವ ಆಟಗಳಲ್ಲಿ ಇನ್ನೊಂದು ಕಷ್ಟವಿದೆ: ಪ್ರತಿ ಊರಿನಲ್ಲೂ ಪ್ರತಿ ಪಿನ್ನನ್ನೂ ಕೀಳಬೇಕು, ಮತ್ತೆ ಹಾಕಬೇಕು. ಒಂದು ಕಾಟರ್ ಪಿನ್ನಿನ ಬದಲು ಮೊಳೆ ಬಾಗಿಸಿ ಹಾಕಿದ್ದು ಯಾರಿಗೂ ಕಾಣದೆ ಹೋಗಬಹುದು. ಅಧಿಕಾರಿಗಳು ಬಂದು ನೋಡಿ ಪರವಾನಗಿ ಕೊಡುತ್ತಾರೆ, ಕೊಡಲೇಬೇಕು. ಅವರು ಬರುವುದು ಒಂದು ಸಲ. ಹುಡುಗರು ದಿನಾ ಬೇಲಿಯ ಹತ್ತಿರ ಇರುತ್ತಾರೆ. ಮರದ ಪ್ಯಾಕಿಂಗ್ ಮೊದಲ ದಿನ ಎಲ್ಲಿತ್ತು, ಐದನೇ ದಿನ ಎಷ್ಟು ಮಣ್ಣಿಗೆ ಇಳಿದಿದೆ. ತೊಟ್ಟಿಲಿಗೆ ಜನ ಹತ್ತಿಸುವಾಗ ಎದುರುಬದುರು ತುಂಬಿಸಿ ತೂಕ ಸರಿಮಾಡುತ್ತಾರೋ, ಒಂದೇ ಬದಿಗೆ ತುಂಬಿಸುತ್ತಾರೋ. ಕೊಲಂಬಸ್ಸಿನ ಅಡ್ಡಪಟ್ಟಿಯನ್ನು ಆಟದವನು ಕೈಯಿಂದ ಎಳೆದು ನೋಡಿದನೋ ಇಲ್ಲವೋ. ಇಷ್ಟು ನೋಡಲು ಎಂಜಿನಿಯರಿಂಗ್ ಓದಬೇಕಿಲ್ಲ. ಕಂಡದ್ದನ್ನು ಜಾತ್ರಾ ಸಮಿತಿಯವರ ಹತ್ತಿರ ಹೋಗಿ ಹೇಳುವ ಸಲಿಗೆ ಮಕ್ಕಳಿಗೆ ಇರಬೇಕು, ಕೇಳಿಸಿಕೊಳ್ಳುವ ತಾಳ್ಮೆ ದೊಡ್ಡವರಿಗೆ.

ಆ ಕಟ್ಟುವ ಹುಡುಗರನ್ನೂ ನೋಡಬೇಕು. ದೂರದ ಊರುಗಳಿಂದ ಬಂದವರು, ಮೈದಾನದಲ್ಲೇ ಒಲೆ ಹೂಡಿ ಅನ್ನ ಬೇಯಿಸುವವರು, ಕ್ರೇನಿಲ್ಲದೆ ಬರೀ ಹಗ್ಗ ರಾಟೆಯಲ್ಲಿ ತೊಟ್ಟಿಲಿನ ಅಚ್ಚು ಮೇಲೇರಿಸುವವರು. ಒಬ್ಬ ಕೂಗುತ್ತಾನೆ, ಹತ್ತು ಜನ ಎಳೆಯುತ್ತಾರೆ, ಅಚ್ಚು ತನ್ನ ಗೂಡಿಗೆ ಸದ್ದಿಲ್ಲದೆ ಕೂರುತ್ತದೆ. 1893ರಲ್ಲಿ ಷಿಕಾಗೊದಲ್ಲಿ ಜಾರ್ಜ್ ಫೆರಿಸ್ 264 ಅಡಿ ಎತ್ತರದ ಮೊದಲ ದೈತ್ಯ ಚಕ್ರ ನಿಲ್ಲಿಸಿದಾಗ ನೋಡಲು ಬಂದ ಜನ ಬಾಯಿ ತೆರೆದು ನಿಂತಿದ್ದರೆ, ನಮ್ಮ ಮೈದಾನದ ಬೇಲಿಗೆ ಆತು ನಿಂತ ಮಕ್ಕಳು ನೋಡುವುದೂ ಅದೇ ಚಕ್ರದ ಮರಿಯನ್ನು.

2026ರ ಫೆಬ್ರುವರಿಯ ಜಾತ್ರೆಗೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಾರಿಕಾಂಬೆಯ ತವರುಮನೆಯ ಗುಡಿಯಲ್ಲಿ ಮಡಿಲಕ್ಕಿ ತುಂಬುವ ಸಾಲು ಬಹಳ ಉದ್ದವಿತ್ತು. ದೇವಿ ಗಂಡನಮನೆಯ ಗುಡಿಗೆ ಬಂದ ಮೇಲೆ ದರ್ಶನ ಮಾಡಿ ಮೈದಾನಕ್ಕೆ ಹೊರಟೆವು. ಕೊಲಂಬಸ್ ಇಳಿದವಳು ಕಾಲು ನಡುಗುತ್ತಿದ್ದರೂ ಕೇಳಿದಳು: "ಮಾಮ, ಮುಂದಿನ ಸಲ ರೈಲು ಬರತ್ತಾ? ಡ್ರ್ಯಾಗನ್ ಅಲ್ಲ, ದೊಡ್ಡದು."

ನಾನು ಬೆರಳು ಮಡಚಿದೆ. ಮುಂದಿನ ಜಾತ್ರೆ 2029ಕ್ಕೆ. ಶಿರಸಿಯದು 2028, ಆಮೇಲೆ 2030. ಕೂಡುವುದಿಲ್ಲ. "2032ಕ್ಕೆ ನೋಡು," ಅಂದೆ. ಅವಳೂ ತನ್ನ ಬೆರಳು ಮಡಚಿ, ಆಗ ತಾನು ಎಷ್ಟನೇ ಕ್ಲಾಸು ಎಂದು ಲೆಕ್ಕ ಹಾಕಿದಳು. ಸ್ವಲ್ಪ ದೂರ ಸುಮ್ಮನೆ ನಡೆದಳು.

"ಲಾರಿ ಯಾವ ಕಡೆಯಿಂದ ಬರತ್ತೆ ಮಾಮ?"

ಶಿವಮೊಗ್ಗದ ಕಡೆಯಿಂದ, ರಾತ್ರಿ ಹೊತ್ತು, ಅಂದೆ.